ದೂರದಲ್ಲಿರುವ ಸರ್ವರನ್ನು ಒಂದು ಸಲಕ್ಕೆ ಮಾತ್ರ ಯುಎಸ್‌ಬಿ ಡಿಸ್ಕಿನಿಂದ ಬೂಟ್ ಮಾಡುವುದು ಹೇಗೆ?

ಕರಿಕಲ್ಲು

ನಾನು ನೋಡಿಕೊಳ್ಳುವ ಸರ್ವರ್ ಬೆಂಗಳೂರಿನ ಡೇಟಾ ಸೆಂಟರೊಂದರಲ್ಲಿದೆ, ನಾನಿರುವುದು ಕಾರ್ಕಳದಲ್ಲಿ. ಅದು ಯುಇಎಫ್‌ಐ ಫರ್ಮ್‌ವೇರ್ (ಯಂತ್ರವನ್ನು ಎಬ್ಬಿಸುವ, ಬಯಾಸ್‌ನ ಜಾಗಕ್ಕೆ ಬಂದ ತಂತ್ರಾಂಶ) ಇರುವ ಸಾಮಾನ್ಯ ರ‍್ಯಾಕ್ ಸರ್ವರ್. ಅದರಲ್ಲಿ ಡೆಬಿಯನ್ 12 ಲಿನಕ್ಸ್ ನಡೆಯುತ್ತಿದೆ. ಎರಡು ಡಿಸ್ಕುಗಳನ್ನು ಸಾಫ್ಟ್‌ವೇರ್ ರೇಡ್ 1ರಲ್ಲಿ (ಎರಡರಲ್ಲೂ ಒಂದೇ ಮಾಹಿತಿ ಇರುವಂತೆ) ಜೋಡಿಸಿ, ಅದರ ಮೇಲೆ ಜಾಗವನ್ನು ವಿಭಾಗಿಸುವ ಎಲ್‌ವಿಎಂ ಹಾಕಿ, ರೂಟ್ (ಮುಖ್ಯ) ವಿಭಾಗಕ್ಕೆ ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಬಳಸಲಾಗಿದೆ. ಬೂಟ್ ವಿಭಾಗವೂ ಅದೇ ರೇಡ್ ಮೇಲಿದೆ.

ಕೆಲವು ದಿನಗಳಿಂದ ಕರ್ನಲ್ ಲಾಗಿನಲ್ಲಿ ಎಕ್ಸ್‌ಎಫ್‌ಎಸ್ ಮೆಟಾಡೇಟಾದ ಚೆಕ್‌ಸಮ್ (ಮಾಹಿತಿ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ತಾಳೆಯಾಗುತ್ತಿಲ್ಲವೆಂಬ ಸಂದೇಶಗಳು ಬರುತ್ತಿವೆ. ಮೌಂಟ್ ಆಗಿರುವ ವಿಭಾಗದ ಮೇಲೆ ಅದರ ದುರಸ್ತಿ ಸಲಕರಣೆಯಾದ ಎಕ್ಸ್‌ಎಫ್‌ಎಸ್ ರಿಪೇರ್ ಓಡಿಸುವಂತಿಲ್ಲ, ಕೆಟ್ಟಿರುವುದು ರೂಟ್ ವಿಭಾಗವೇ ಆದ್ದರಿಂದ ಅದನ್ನು ಅನ್‌ಮೌಂಟ್ ಮಾಡುವಂತೆಯೂ ಇಲ್ಲ. ಹಾಗಾಗಿ ಬೇರೊಂದು ವ್ಯವಸ್ಥೆಯಿಂದ ಬೂಟ್ ಮಾಡಿ ದುರಸ್ತಿ ಮಾಡಬೇಕಾಗಿದೆ. ಡೇಟಾ ಸೆಂಟರಿನ ತಂತ್ರಜ್ಞರು ನನ್ನ ಕೋರಿಕೆಯಂತೆ ಎರಡೂವರೆ ಅಂಗುಲದ ಹೊರ ಹಾರ್ಡ್ ಡಿಸ್ಕನ್ನು ಹಿಂಬದಿಯ ಯುಎಸ್‌ಬಿ ಪೋರ್ಟಿಗೆ ಚುಚ್ಚಿದ್ದಾರೆ. ಅದರಲ್ಲೂ ಡೆಬಿಯನ್ ಸ್ಥಾಪಿಸಿ ಕಳುಹಿಸಿದ್ದೆ. ಅವರು ಇಷ್ಟನ್ನು ಮಾಡುತ್ತಾರೆ, ಆದರೆ ಕೀಬೋರ್ಡ್ ಮುಂದೆ ಕುಳಿತು ಮೆನು ಆರಿಸುವ ಕೆಲಸ ಒಪ್ಪಂದದಲ್ಲಿಲ್ಲ.

ಸರ್ವರಿನಲ್ಲಿ ಐಪಿಎಂಐ 2.0 (ದೂರದಿಂದ ಸರ್ವರನ್ನು ನಿಯಂತ್ರಿಸುವ ಮಾನದಂಡ) ಬೆಂಬಲಿಸುವ ಬಿಎಂಸಿ (ಅದಕ್ಕೆಂದೇ ಇರುವ ನಿಯಂತ್ರಕ) ಇದೆ, ಪವರ್ ಹತೋಟಿಯೂ ಕೈಯಲ್ಲಿದೆ. ಪರದೆಯನ್ನು ದೂರದಿಂದ ನೋಡುವ ವರ್ಚುವಲ್ ಕನ್ಸೋಲಿನ ಪರವಾನಗಿ ಮಾತ್ರ ಇಲ್ಲ. ಬಿಎಂಸಿಗೆ ಆಜ್ಞೆ ಕೊಡುವ ಐಪಿಎಂಐಟೂಲ್‌ನಲ್ಲಿ ಬೂಟ್‌ಡೆವ್ (ಬೂಟ್ ಸಾಧನ) ಆಯ್ಕೆಗಳನ್ನು ನೋಡಿದರೆ ಪಿಎಕ್ಸ್‌ಇ (ಜಾಲದಿಂದ ಬೂಟ್), ಡಿಸ್ಕ್, ಸಿಡಿರಾಮ್, ಬಯಾಸ್, ಫ್ಲಾಪಿ ಎಲ್ಲವೂ ಇವೆ, ಯುಎಸ್‌ಬಿ ಎಂಬುದೇ ಇಲ್ಲ. ಯುಎಸ್‌ಬಿ ಡಿಸ್ಕನ್ನು ಆರಿಸುವ ಸರಿಯಾದ ಮಾರ್ಗ ಯಾವುದು? ಅದರಿಂದ ಬೂಟ್ ಆಗದೆ ಹೋದರೆ ಸರ್ವರ್ ತಾನಾಗಿಯೇ ಮೂಲ ಡಿಸ್ಕಿಗೆ ಮರಳುವಂತೆ ಮಾಡಲು ಸಾಧ್ಯವೇ?

ಇರುಳುಪಾಳಿ

ಆ ಪಟ್ಟಿಯಲ್ಲಿ ಯುಎಸ್‌ಬಿ ಇಲ್ಲದಿರುವುದು ನಿಮ್ಮ ಸರ್ವರಿನ ಕೊರತೆಯಲ್ಲ. ಐಪಿಎಂಐ ಮೊದಲು ಬಂದದ್ದು 1998ರಲ್ಲಿ, ಅದರ 2.0 ಆವೃತ್ತಿ 2004ರದ್ದು. ಅಂದಿನ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಪಟ್ಟಿ ರೂಪುಗೊಂಡಿದೆ. ಅಲ್ಲಿನ ‘ಫ್ಲಾಪಿ’ ಎಂಬ ಆಯ್ಕೆಯು ತೆಗೆದು ಹಾಕಬಹುದಾದ ಪ್ರಧಾನ ಮಾಧ್ಯಮ ಎಂಬ ಅರ್ಥವನ್ನೂ ಒಳಗೊಂಡಿರುವುದರಿಂದ, ಕೆಲವು ತಯಾರಕರ ಫರ್ಮ್‌ವೇರ್ ಅದನ್ನು ಚುಚ್ಚಿರುವ ಯುಎಸ್‌ಬಿ ಡಿಸ್ಕ್ ಎಂದು ತಿಳಿಯುತ್ತದೆ, ಮತ್ತೆ ಕೆಲವು ಬಿಎಂಸಿ ಒದಗಿಸುವ ವರ್ಚುವಲ್ ಫ್ಲಾಪಿ ಎಂದು ತಿಳಿಯುತ್ತವೆ. ನಿಮ್ಮದು ಯಾವ ಜಾತಿಯದೆಂದು ಪ್ರಯೋಗಿಸಿಯೇ ತಿಳಿಯಬೇಕು. ಪ್ರಯೋಗಿಸುವುದಾದರೆ ‘ಇಎಫ್‌ಐಬೂಟ್’ ಎಂಬ ಉಪ ಆಯ್ಕೆಯನ್ನು ಜೊತೆಗೆ ಕೊಡಲೇಬೇಕು. ಇಲ್ಲವಾದರೆ ಆಜ್ಞೆಯು ಹಳೆಯ ಬಯಾಸ್ ಮಾದರಿಯ ಬೂಟ್ ಎಂದೇ ಫರ್ಮ್‌ವೇರಿಗೆ ತಲುಪಿ, ಯುಇಎಫ್‌ಐ ಮಾತ್ರ ಇರುವ ಯಂತ್ರದಲ್ಲಿ ಅದು ಸದ್ದಿಲ್ಲದೆ ಕಡೆಗಣಿಸಲ್ಪಡಬಹುದು.

ಇನ್ನೊಂದು ಸಂಗತಿಯನ್ನು ಅನೇಕರು ಗಮನಿಸುವುದಿಲ್ಲ. ಐಪಿಎಂಐ ನಿಯಮದ ಪ್ರಕಾರ, ಬೂಟ್ ಫ್ಲ್ಯಾಗ್ (ಮುಂದಿನ ಬೂಟ್ ಎಲ್ಲಿಂದ ಎಂಬ ಗುರುತು) ಹಾಕಿದ ಬಳಿಕ 60 ಸೆಕೆಂಡುಗಳೊಳಗೆ ಪವರ್ ಅಥವಾ ರೀಸೆಟ್ ಆಜ್ಞೆಯೂ ಬಿಎಂಸಿಗೆ ಬರದಿದ್ದರೆ ಅದು ಆ ಫ್ಲ್ಯಾಗನ್ನು ಸಾಮಾನ್ಯವಾಗಿ ಅಳಿಸಿಬಿಡುತ್ತದೆ. ಫ್ಲ್ಯಾಗ್ ಹಾಕಿ, ಆಮೇಲೆ ಲಿನಕ್ಸಿನೊಳಗಿನಿಂದ ರೀಬೂಟ್ ಆಜ್ಞೆ ಕೊಟ್ಟು, ಡೇಟಾಬೇಸ್ ನಿಧಾನವಾಗಿ ಮುಚ್ಚಿಕೊಳ್ಳುವುದನ್ನು ಕಾಯುತ್ತ ಕುಳಿತರೆ ಸರ್ವರ್ ಮರಳಿ ಹಳೆಯ ಡಿಸ್ಕಿನಿಂದಲೇ ಏಳುತ್ತದೆ. ಮೊದಲು ವ್ಯವಸ್ಥೆಯನ್ನು ಸರಿಯಾಗಿ ನಿಲ್ಲಿಸಿ ಪವರ್ ಆಫ್ ಮಾಡಿ, ಬಳಿಕ ಫ್ಲ್ಯಾಗ್ ಹಾಕಿ, ಕೂಡಲೇ ಬಿಎಂಸಿ ಮೂಲಕವೇ ಪವರ್ ಆನ್ ಮಾಡುವುದು ಸರಿಯಾದ ಕ್ರಮ. ಬಿಎಂಸಿ ಸ್ಟ್ಯಾಂಡ್‌ಬೈ ವಿದ್ಯುತ್ತಿನಲ್ಲಿ ನಡೆಯುವ ಪ್ರತ್ಯೇಕ ಸಣ್ಣ ಕಂಪ್ಯೂಟರ್ ಆದ್ದರಿಂದ ಸರ್ವರ್ ಆರಿದ್ದರೂ ಅದು ನಿಮ್ಮ ಮಾತು ಕೇಳುತ್ತಿರುತ್ತದೆ.

ನಿಮ್ಮ ಬಿಎಂಸಿ ರೆಡ್‌ಫಿಶ್ ಬೆಂಬಲಿಸುತ್ತದೆಯೇ ಎಂಬುದನ್ನೂ ನೋಡಿ. ಡಿಎಂಟಿಎಫ್ ಸಂಸ್ಥೆ 2015ರಲ್ಲಿ ಹೊರತಂದ ಈ ಮಾನದಂಡದಲ್ಲಿ ಬೂಟ್ ಮೂಲವನ್ನು ಯುಎಸ್‌ಬಿ ಎಂದೇ ಹೆಸರಿಸಬಹುದು, ಅದು ಒಂದು ಸಲಕ್ಕೋ ಶಾಶ್ವತವೋ ಎಂಬುದನ್ನೂ ಬೇರೆಯಾಗಿ ಹೇಳಬಹುದು.

ಇಷ್ಟು ಹೇಳಿದರೂ, ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಬಿಎಂಸಿಗೆ ಈ ಕೆಲಸ ಒಪ್ಪಿಸುತ್ತಿರಲಿಲ್ಲ. ನಿಮ್ಮ ಲಿನಕ್ಸ್ ಇನ್ನೂ ಎದ್ದು ನಿಂತಿದೆಯಲ್ಲ, ಆದ್ದರಿಂದ ಯುಇಎಫ್‌ಐ ಫರ್ಮ್‌ವೇರಿನೊಡನೆ ನೇರವಾಗಿ ಮಾತನಾಡಬಹುದು. ಇಎಫ್‌ಐಬೂಟ್‌ಎಂಜಿಆರ್ ಎಂಬ ಸಲಕರಣೆಯನ್ನು ಓಡಿಸಿದರೆ ಫರ್ಮ್‌ವೇರಿಗೆ ತಿಳಿದಿರುವ ಬೂಟ್ ನಮೂದುಗಳೆಲ್ಲ ನಾಲ್ಕಂಕಿಯ ಸಂಖ್ಯೆಗಳೊಂದಿಗೆ ಕಾಣುತ್ತವೆ. ಯುಎಸ್‌ಬಿ ಡಿಸ್ಕಿನ ಸಂಖ್ಯೆಯನ್ನು ಸಣ್ಣ ಅಕ್ಷರದ ‘ಎನ್’ ಆಯ್ಕೆಯೊಂದಿಗೆ ಕೊಟ್ಟರೆ ಅದು ಬೂಟ್‌ನೆಕ್ಸ್ಟ್ ಎಂಬ ಚರಕ್ಕೆ (ಫರ್ಮ್‌ವೇರ್ ನೆನಪಿಟ್ಟುಕೊಳ್ಳುವ ಮೌಲ್ಯ) ಬರೆಯಲ್ಪಡುತ್ತದೆ. ಇದರ ಸೊಗಸು ಇರುವುದು ಮುಂದಿನ ಹಂತದಲ್ಲಿ: ಫರ್ಮ್‌ವೇರ್ ಆ ನಮೂದನ್ನು ಬೂಟ್ ಮಾಡಲು ಹೊರಡುವ ಮೊದಲೇ ಬೂಟ್‌ನೆಕ್ಸ್ಟ್ ಚರವನ್ನು ಅಳಿಸಿಹಾಕುತ್ತದೆ. ಡಿಸ್ಕ್ ಸಿಗದಿದ್ದರೆ ಅಥವಾ ಅದರಲ್ಲಿ ಬೂಟ್‌ಲೋಡರ್ (ಕರ್ನಲನ್ನು ತುಂಬಿಸಿ ಓಡಿಸುವ ಪ್ರೋಗ್ರಾಂ) ಇಲ್ಲದಿದ್ದರೆ ಎಂದಿನ ಬೂಟ್ ಕ್ರಮಕ್ಕೆ ಇಳಿಯುತ್ತದೆ. ಯುಎಸ್‌ಬಿಯ ಕರ್ನಲ್ ನಡುದಾರಿಯಲ್ಲಿ ಕಲ್ಲಿನಂತೆ ನಿಂತುಬಿಟ್ಟರೂ, ಬಿಎಂಸಿಯಿಂದ ಒಮ್ಮೆ ಪವರ್ ಸೈಕಲ್ ಮಾಡಿದರೆ ಸರ್ವರ್ ಮೂಲ ಡಿಸ್ಕಿಗೇ ಬರುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವೂ ಇದೇ.

ತಂತಿಜಾಲ

ಡಿಸ್ಕನ್ನು ಆರಿಸುವುದು ಈ ಕೆಲಸದ ಸುಲಭವಾದ ಅರ್ಧ. ಬೂಟ್ ಆದ ಮೇಲೆ ಅದು ನಿಮಗೆ ಕಾಣದ ಯಂತ್ರ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸೌಲಭ್ಯ) ಮೂಲಕ ಒಳಗೆ ಹೋಗಲು ಆಗದಿದ್ದರೆ ಅದು ಚೆನ್ನಾಗಿ ಎದ್ದು ನಿಂತಿದೆಯೋ, ಗ್ರಬ್ ಎಂಬ ಬೂಟ್‌ಲೋಡರಿನ ಮೆನುವಿನಲ್ಲಿ ಕಾಯುತ್ತಿದೆಯೋ ಹೇಳಲು ಬರುವುದಿಲ್ಲ. ಆದ್ದರಿಂದ ಆ ಡಿಸ್ಕಿನ ಒಳಗಿನ ವ್ಯವಸ್ಥೆಯ ಬಗ್ಗೆ ನಾಲ್ಕು ಮಾತು.

ಜಾಲದ ಸಂರಚನೆಯಲ್ಲಿ ಕಾರ್ಡಿನ ಹೆಸರನ್ನು ನಂಬಬೇಡಿ. ಈಗಿನ ವ್ಯವಸ್ಥೆಯಲ್ಲಿ ಅದು ‘ಇಎನ್‌ಒ1’ ಆಗಿದ್ದರೂ ಬೇರೆ ಕರ್ನಲ್, ಬೇರೆ ಸಿಸ್ಟಮ್‌ಡಿ (ಸೇವೆಗಳನ್ನು ನಡೆಸುವ ತಂತ್ರಾಂಶ) ಆವೃತ್ತಿಯಲ್ಲಿ ಬೇರೆ ಹೆಸರು ಪಡೆಯಬಹುದು. ಸಿಸ್ಟಮ್‌ಡಿ ನೆಟ್‌ವರ್ಕ್‌ಡಿ ಬಳಸಿ, ಕಾರ್ಡನ್ನು ಮ್ಯಾಕ್ ವಿಳಾಸದ (ಕಾರ್ಡಿನದೇ ಗುರುತಿನ ಸಂಖ್ಯೆ) ಮೂಲಕ ಗುರುತಿಸಿ, ಐಪಿ ವಿಳಾಸ, ಗೇಟ್‌ವೇ ಎರಡನ್ನೂ ಸ್ಥಿರವಾಗಿ ಬರೆದಿಡಿ. ಸರ್ವರಿನ ಎರಡು ಪೋರ್ಟುಗಳನ್ನು ಎಲ್‌ಎಸಿಪಿ ಬಾಂಡ್ ಆಗಿ (ಎರಡೂ ಸೇರಿ ಒಂದೇ ಸಂಪರ್ಕದಂತೆ) ಜೋಡಿಸಿದ್ದರೆ ಯುಎಸ್‌ಬಿ ವ್ಯವಸ್ಥೆಯಲ್ಲೂ ಅದೇ ಬಾಂಡ್ ಇರಬೇಕು. ಸ್ವಿಚ್ ಎಲ್‌ಎಸಿಪಿ ಮಾತುಕತೆಗಾಗಿ ಕಾಯುತ್ತಿರುವಾಗ ನೀವು ಒಂದೇ ಪೋರ್ಟಿಗೆ ಸಾದಾ ವಿಳಾಸ ಕೊಟ್ಟು ಕುಳಿತರೆ, ಕೇಬಲಿನ ದೀಪ ಉರಿಯುತ್ತಿದ್ದರೂ ಒಂದು ಪ್ಯಾಕೆಟ್ ಕೂಡ ದಾಟದೆ ಹೋಗಬಹುದು. ವಿಎಲ್ಯಾನ್ (ಒಂದೇ ತಂತಿಯಲ್ಲಿ ಬೇರ್ಪಡಿಸಿದ ಜಾಲ) ಟ್ಯಾಗ್ ಇದ್ದರೂ ಇದೇ ಮಾತು. ಬ್ರಾಡ್‌ಕಾಮ್ ಚಿಪ್ಪಿನ ಕೆಲವು ಸರ್ವರ್ ಕಾರ್ಡುಗಳಿಗೆ ಪ್ರತ್ಯೇಕ ಫರ್ಮ್‌ವೇರ್ ಕಡತಗಳು ಬೇಕು. ಡೆಬಿಯನ್ 12ರಿಂದ ಈಚೆಗೆ ಅಧಿಕೃತ ಇನ್‌ಸ್ಟಾಲರಿನಲ್ಲೇ ಅವು ಬರುತ್ತವೆ, ಆದರೆ ಇನ್‌ಸ್ಟಾಲರ್ ತಾನು ಓಡುತ್ತಿರುವ ಯಂತ್ರಕ್ಕೆ ಬೇಕಾದುದನ್ನಷ್ಟೇ ಹಾಕುತ್ತದೆ. ನೀವು ಡಿಸ್ಕ್ ತಯಾರಿಸಿದ್ದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಂದಾದರೆ ಆ ಪ್ಯಾಕೇಜನ್ನು ಕೈಯಾರೆ ಹಾಕಿ.

ಯುಎಸ್‌ಬಿ ಡಿಸ್ಕನ್ನು ಮೂಲ ಡಿಸ್ಕಿನ ನಕಲಾಗಿ ಡಿಡಿ ಆಜ್ಞೆಯ ಮೂಲಕ ತಯಾರಿಸಿದ್ದರೆ ಅದನ್ನು ಬಳಸಲೇಬೇಡಿ. ಎರಡಕ್ಕೂ ಒಂದೇ ಯುಯುಐಡಿ (ವಿಭಾಗದ ಗುರುತಿನ ಸಂಖ್ಯೆ) ಇರುವುದರಿಂದ ರೂಟ್ ಆಗಿ ಯಾವುದು ಮೌಂಟ್ ಆಗುತ್ತದೆಂದು ಹೇಳಲಾಗದು. ಎಲ್‌ವಿಎಂ ಗುಂಪಿನ ಹೆಸರೂ ಒಂದೇ ಆಗಿ ಗೊಂದಲವಾಗುತ್ತದೆ. ಯುಎಸ್‌ಬಿ ಡಿಸ್ಕುಗಳು ಕರ್ನಲಿಗೆ ಗೋಚರಿಸಲು ಹಲವು ಸೆಕೆಂಡು ಹಿಡಿಯುವುದರಿಂದ ಕರ್ನಲ್ ಸಾಲಿನಲ್ಲಿ ‘ರೂಟ್‌ಡಿಲೇ’ ಸೇರಿಸಿ, ಜೊತೆಗೆ ‘ಪ್ಯಾನಿಕ್=30’ ಕೂಡ ಇರಲಿ. ಎರಡನೆಯದರಿಂದ ಕರ್ನಲ್ ಪ್ಯಾನಿಕ್ (ಮುಂದುವರಿಯಲಾಗದ ದೋಷ) ಆದರೆ ಅರ್ಧ ನಿಮಿಷದಲ್ಲಿ ತಾನೇ ರೀಬೂಟ್ ಆಗುತ್ತದೆ, ಬೂಟ್‌ನೆಕ್ಸ್ಟ್ ಅಷ್ಟರಲ್ಲಿ ಅಳಿದಿರುವುದರಿಂದ ಮೂಲ ಡಿಸ್ಕಿಗೆ ಮರಳುತ್ತದೆ.

ಪ್ಯಾನಿಕ್ ಆಗದೆಯೂ ಕೈಗೆ ಸಿಗದೆ ಹೋಗುವ ಸಂದರ್ಭಕ್ಕೆ ನಾನು ಯಾವಾಗಲೂ ಮಾಡುವ ಉಪಾಯ ಬೇರೆ ಇದೆ. ಯುಎಸ್‌ಬಿ ವ್ಯವಸ್ಥೆ ಏಳುತ್ತಲೇ ‘ಇನ್ನು 30 ನಿಮಿಷಕ್ಕೆ ರೀಬೂಟ್’ ಎಂದು ಶಟ್‌ಡೌನ್ ಆಜ್ಞೆ ತಾನಾಗಿ ಹೊರಡುವಂತೆ ಒಂದು ಸಿಸ್ಟಮ್‌ಡಿ ಸೇವೆ ಬರೆದಿಡುತ್ತೇನೆ. ಒಳಗೆ ಹೋಗಲು ಸಾಧ್ಯವಾದರೆ ಮೊದಲು ಮಾಡುವ ಕೆಲಸವೇ ಅದನ್ನು ರದ್ದುಪಡಿಸುವುದು; ಒಳಗೆ ಹೋಗಲಾಗದಿದ್ದರೆ ಸುಮ್ಮನೆ ಕಾಯುವುದು. ರದ್ದುಪಡಿಸದೆ ದುರಸ್ತಿ ಆರಂಭಿಸಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಎಸ್‌ಎಸ್‌ಎಚ್ ಬಗ್ಗೆ ಒಂದು ಸಣ್ಣ ವಿಷಯ. ಅದೇ ಐಪಿ ವಿಳಾಸದಲ್ಲಿ ಬೇರೆ ಹೋಸ್ಟ್ ಕೀ ಕಂಡಾಗ ನಿಮ್ಮ ಕಂಪ್ಯೂಟರ್ ಜೋರಾಗಿ ಎಚ್ಚರಿಸಿ ಸಂಪರ್ಕ ನಿರಾಕರಿಸುತ್ತದೆ. ಯುಎಸ್‌ಬಿ ವ್ಯವಸ್ಥೆಯ ಕೀಲಿಯ ಬೆರಳಚ್ಚನ್ನು ಮೊದಲೇ ಬರೆದಿಟ್ಟುಕೊಂಡು ತಾಳೆ ನೋಡಿ. ಎಚ್ಚರಿಕೆಯನ್ನು ಕಣ್ಣುಮುಚ್ಚಿ ದಾಟಬೇಡಿ.

ವರ್ಚುವಲ್ ಕನ್ಸೋಲ್ ಇಲ್ಲದಿದ್ದರೂ ಐಪಿಎಂಐ 2.0ರಲ್ಲಿ ಸೀರಿಯಲ್ ಓವರ್ ಲ್ಯಾನ್ (ಸೀರಿಯಲ್ ಪೋರ್ಟಿನ ಪಠ್ಯವನ್ನು ಜಾಲದ ಮೂಲಕ ತೋರಿಸುವ ಸೌಲಭ್ಯ) ಇರುತ್ತದೆ. ಅದಕ್ಕೆ ಫರ್ಮ್‌ವೇರ್ ಸೆಟಪ್ಪಿನಲ್ಲಿ ಕನ್ಸೋಲ್ ರೀಡೈರೆಕ್ಷನ್ ತೆರೆದಿರಬೇಕು, ಗ್ರಬ್ ಮತ್ತು ಕರ್ನಲ್ ಎರಡಕ್ಕೂ ಸೀರಿಯಲ್ ಪೋರ್ಟನ್ನು 115200 ವೇಗದಲ್ಲಿ ಬಳಸಲು ಹೇಳಿರಬೇಕು. ಅನೇಕ ಮದರ್‌ಬೋರ್ಡುಗಳಲ್ಲಿ ಇದಕ್ಕೆ ಒದಗುವುದು ಎರಡನೆಯ ಸೀರಿಯಲ್ ಪೋರ್ಟ್, ಅಂದರೆ ‘ಟಿಟಿವೈಎಸ್1’. ಮೊದಲನೆಯದನ್ನು ಕೊಟ್ಟು ಖಾಲಿ ಪರದೆ ನೋಡುತ್ತ ಕೂರುವವರು ಬಹಳ. ಮೂಲ ವ್ಯವಸ್ಥೆಯಲ್ಲಿರುವಾಗಲೇ ಆ ಪೋರ್ಟಿಗೆ ಒಂದು ಸಾಲು ಕಳುಹಿಸಿ, ಅದು ಸೀರಿಯಲ್ ಓವರ್ ಲ್ಯಾನ್ ಕಿಟಕಿಯಲ್ಲಿ ಮೂಡುತ್ತದೆಯೇ ನೋಡಿಕೊಳ್ಳಿ. ಇದೇ ನೆಪದಲ್ಲಿ ನಿಮ್ಮ ಬಿಎಂಸಿ ವಿಳಾಸ ಸಾರ್ವಜನಿಕ ಅಂತರ್ಜಾಲಕ್ಕೆ ತೆರೆದಿದೆಯೇ ಎಂಬುದನ್ನೂ ಪರೀಕ್ಷಿಸಿ. ಐಪಿಎಂಐ 2.0ರ ದೃಢೀಕರಣ ವಿಧಾನದಲ್ಲೇ ಇರುವ ದೋಷದಿಂದ, ಯುಡಿಪಿ 623ನೇ ಪೋರ್ಟನ್ನು ತಲುಪಬಲ್ಲ ಯಾರೇ ಆದರೂ ಬಳಕೆದಾರರ ಪಾಸ್‌ವರ್ಡಿನ ಹ್ಯಾಶ್ ಪಡೆದು ನಿಧಾನವಾಗಿ ಒಡೆಯಬಹುದು. ಇದು 2013ರಿಂದ ಎಲ್ಲರಿಗೂ ತಿಳಿದಿರುವ ವಿಷಯ. ವಿಪಿಎನ್ ಹಿಂದೆ ಇರಿಸುವುದೊಂದೇ ದಾರಿ.

ಹಳೇಟರ್ಮಿನಲ್

ಮೇಲಿನ ಎರಡೂ ಉತ್ತರಗಳು ಸರಿಯಾಗಿವೆ, ಆದರೆ ಫರ್ಮ್‌ವೇರನ್ನು ಈ ವ್ಯವಹಾರದೊಳಗೆ ಕರೆತರುವ ಅಗತ್ಯವೇನಿದೆ ಎಂಬುದು ನನ್ನ ಪ್ರಶ್ನೆ. ಕೆಎಕ್ಸೆಕ್ ಎಂಬ ಸೌಲಭ್ಯ 2005ರಲ್ಲಿ 2.6.13ನೇ ಆವೃತ್ತಿಯಿಂದಲೇ ಲಿನಕ್ಸ್ ಕರ್ನಲಿನಲ್ಲಿದೆ. ಯುಎಸ್‌ಬಿ ಡಿಸ್ಕಿನಲ್ಲಿರುವ ಕರ್ನಲ್ ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್ (ಆರಂಭಿಕ ಕಡತ ವ್ಯವಸ್ಥೆ) ಕಡತಗಳನ್ನು ಸ್ಮರಣೆಗೆ ತುಂಬಿಸಿ, ಆ ಡಿಸ್ಕಿನ ಯುಯುಐಡಿಯನ್ನು ರೂಟ್ ಎಂದು ಸೂಚಿಸಿ, ‘ಸಿಸ್ಟಮ್‌ಸಿಟಿಎಲ್ ಕೆಎಕ್ಸೆಕ್’ ಕೊಟ್ಟರೆ ಸೇವೆಗಳೆಲ್ಲ ಕ್ರಮವಾಗಿ ನಿಂತು ಹೊಸ ಕರ್ನಲ್ ನೇರವಾಗಿ ಓಡತೊಡಗುತ್ತದೆ. ಹೆಚ್ಚು ಮೆಮೊರಿ ಇರುವ ಸರ್ವರುಗಳಲ್ಲಿ ಆರಂಭಿಕ ಪರೀಕ್ಷೆಯೇ ಹಲವು ನಿಮಿಷ ತಿನ್ನುತ್ತದೆ, ಆ ಕಾಯುವಿಕೆಯೂ ಇಲ್ಲ. ಬೂಟ್ ಕ್ರಮವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಮುಂದಿನ ರೀಬೂಟ್ ಸಹಜವಾಗಿಯೇ ಮೂಲ ಡಿಸ್ಕಿನಿಂದ ಆಗುತ್ತದೆ. ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದರೆ ಸಹಿ ಇಲ್ಲದ ಕರ್ನಲನ್ನು ಹೀಗೆ ತುಂಬಿಸಲು ಬಿಡುವುದಿಲ್ಲ; ಡೆಬಿಯನ್ನಿನದೇ ಕರ್ನಲ್ ಆದರೆ ತೊಂದರೆ ಇರಬಾರದು. ಕೆಲವು ಜಾಲ ಕಾರ್ಡುಗಳು ಅಥವಾ ಡಿಸ್ಕ್ ಕಂಟ್ರೋಲರುಗಳು ಪೂರ್ಣ ರೀಸೆಟ್ ಇಲ್ಲದೆ ಹೊಸ ಕರ್ನಲಿಗೆ ಸರಿಯಾಗಿ ಒಗ್ಗಿಕೊಳ್ಳದಿರುವ ಅಪಾಯ ಉಂಟೆಂಬುದನ್ನು ಒಪ್ಪುತ್ತೇನೆ.

ಯಾರಾದರೂ ಗ್ರಬ್‌ರೀಬೂಟ್ ಬಳಸಿರೆಂದು ಸಲಹೆ ಕೊಡುವ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಯಂತ್ರಕ್ಕೆ ಅದು ಬೇಡ. ‘ಮುಂದಿನ ಸಲಕ್ಕೆ ಈ ನಮೂದು’ ಎಂಬ ಗುರುತನ್ನು ಬೂಟ್ ಆಗುವಾಗ ಗ್ರಬ್ ತಾನೇ ಅಳಿಸಬೇಕು, ಆದರೆ ರೇಡ್ ಅಥವಾ ಎಲ್‌ವಿಎಂ ಮೇಲಿರುವ ಕಡತಕ್ಕೆ ಬರೆಯಲು ಗ್ರಬ್‌ಗೆ ಬಾರದು. ನಿಮ್ಮ ಬೂಟ್ ವಿಭಾಗ ರೇಡ್ ಮೇಲಿದೆ ಎಂದಿದ್ದೀರಿ. ಗುರುತು ಅಳಿಯದೆ ಉಳಿದು, ಪ್ರತಿ ಪವರ್ ಸೈಕಲಿಗೂ ಅದೇ ಕೆಟ್ಟ ನಮೂದಿಗೆ ಹೋಗಿ ಬೀಳುತ್ತಿರುತ್ತದೆ.

ಕರಿಕಲ್ಲು

ವಿವರವಾದ ಉತ್ತರಗಳಿಗೆ ಧನ್ಯವಾದಗಳು. ಸೀರಿಯಲ್ ಓವರ್ ಲ್ಯಾನ್ ನೀವು ಹೇಳಿದಂತೆಯೇ ಎರಡನೆಯ ಪೋರ್ಟಿನಲ್ಲಿ ಕೆಲಸ ಮಾಡುತ್ತಿದೆ. ಬಾಂಡ್ ಇಲ್ಲ, ಒಂದೇ ಕೇಬಲ್. ಮೊದಲ ಸಲಕ್ಕೆ ಕೆಎಕ್ಸೆಕ್‌ಗಿಂತ ಬೂಟ್‌ನೆಕ್ಸ್ಟ್ ಮಾರ್ಗವೇ ಇರಲೆಂದು ನಿರ್ಧರಿಸಿದ್ದೇನೆ, ಏಕೆಂದರೆ ಮುಂದೊಂದು ದಿನ ಲಿನಕ್ಸ್ ಏಳಲೇ ಆಗದ ಸ್ಥಿತಿ ಬಂದರೆ ಈ ಡಿಸ್ಕಿನಿಂದ ಫರ್ಮ್‌ವೇರ್ ಬೂಟ್ ಮಾಡಬಲ್ಲದೆಂಬ ಖಾತ್ರಿ ಬೇಕು.

ಆದರೆ ಇಎಫ್‌ಐಬೂಟ್‌ಎಂಜಿಆರ್ ತೋರಿಸುವ ಪಟ್ಟಿಯಲ್ಲಿ ಯುಎಸ್‌ಬಿ ಡಿಸ್ಕಿನ ನಮೂದೇ ಇಲ್ಲ. ಲಿನಕ್ಸಿನಲ್ಲಿ ಡಿಸ್ಕ್ ಕಾಣುತ್ತಿದೆ, ಮೌಂಟ್ ಕೂಡ ಆಗುತ್ತದೆ. ರೀಬೂಟ್ ಮಾಡದೆಯೇ ಇದು ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಬಗೆ ಇದೆಯೇ?

ಇರುಳುಪಾಳಿ

ಸರ್ವರ್ ಓಡುತ್ತಿರುವಾಗ ಡಿಸ್ಕ್ ಚುಚ್ಚಿದ್ದರಿಂದ ಹಾಗಾಗಿದೆ. ಫರ್ಮ್‌ವೇರ್ ಸಾಧನಗಳನ್ನು ಎಣಿಸಿ ನಮೂದುಗಳನ್ನು ಮಾಡುವುದು ಆರಂಭದ ಹಂತದಲ್ಲಿ ಮಾತ್ರ. ನಮೂದನ್ನು ನೀವೇ ಸೃಷ್ಟಿಸಬಹುದು. ಡಿಸ್ಕು, ವಿಭಾಗದ ಸಂಖ್ಯೆ, ಬೂಟ್‌ಲೋಡರ್ ಕಡತದ ಹಾದಿ ಈ ಮೂರನ್ನು ಕೊಡಬೇಕು. ಇಲ್ಲಿ ಒಂದು ಅಕ್ಷರದ ವ್ಯತ್ಯಾಸ ದೊಡ್ಡದು: ಸಣ್ಣ ಅಕ್ಷರದ ‘ಸಿ’ ಆಯ್ಕೆಯು ಹೊಸ ನಮೂದನ್ನು ಶಾಶ್ವತ ಬೂಟ್ ಕ್ರಮದ ತಲೆಗೇ ಸೇರಿಸುತ್ತದೆ, ದೊಡ್ಡ ಅಕ್ಷರದ ‘ಸಿ’ ನಮೂದನ್ನು ಮಾತ್ರ ಸೃಷ್ಟಿಸಿ ಕ್ರಮವನ್ನು ಮುಟ್ಟುವುದಿಲ್ಲ. ನಿಮಗೆ ಬೇಕಾದದ್ದು ಎರಡನೆಯದು. ಜೊತೆಗೆ, ತೆಗೆದು ಹಾಕುವ ಮಾಧ್ಯಮಗಳಲ್ಲಿ ಫರ್ಮ್‌ವೇರ್ ತಾನಾಗಿ ಹುಡುಕುವ ಕಡತ ಒಂದೇ, ಫ್ಯಾಟ್ ವಿಭಾಗದ ‘ಇಎಫ್‌ಐ’ ಫೋಲ್ಡರಿನೊಳಗಿನ ‘ಬೂಟ್’ ಫೋಲ್ಡರಿನಲ್ಲಿರುವ ‘ಬೂಟ್‌ಎಕ್ಸ್64’. ಡೆಬಿಯನ್ ಸ್ಥಾಪನೆ ಸಾಮಾನ್ಯವಾಗಿ ತನ್ನದೇ ‘ಡೆಬಿಯನ್’ ಫೋಲ್ಡರಿಗೆ ಬೂಟ್‌ಲೋಡರ್ ಹಾಕುತ್ತದೆ. ಗ್ರಬ್ ಪ್ಯಾಕೇಜಿನ ಸಂರಚನೆಯಲ್ಲಿ ತೆಗೆಯಬಹುದಾದ ಮಾಧ್ಯಮದ ಹಾದಿಗೂ ಬರೆಯಲು ಹೇಳಿದರೆ ಎರಡೂ ಕಡೆ ಇರುತ್ತದೆ, ಯಾವ ಯಂತ್ರಕ್ಕೆ ಚುಚ್ಚಿದರೂ ಏಳುತ್ತದೆ.

ಪರೀಕ್ಷೆಗೆ ಒಳ್ಳೆಯ ದಾರಿಯಿದೆ. ಸರ್ವರಿನಲ್ಲೇ ಕ್ಯೂಇಎಂಯು (ವರ್ಚುವಲ್ ಯಂತ್ರ ನಡೆಸುವ ತಂತ್ರಾಂಶ) ಮತ್ತು ಒವಿಎಂಎಫ್ (ಅದಕ್ಕೆ ಬೇಕಾದ ಯುಇಎಫ್‌ಐ ಫರ್ಮ್‌ವೇರ್) ಹಾಕಿ, ಅನ್‌ಮೌಂಟ್ ಮಾಡಿದ ಯುಎಸ್‌ಬಿ ಡಿಸ್ಕನ್ನು ‘ಸ್ನ್ಯಾಪ್‌ಶಾಟ್’ ಆಯ್ಕೆಯೊಂದಿಗೆ ವರ್ಚುವಲ್ ಯಂತ್ರಕ್ಕೆ ಕೊಡಿ. ಆಗ ಡಿಸ್ಕಿಗೆ ಏನೂ ಬರೆಯಲ್ಪಡುವುದಿಲ್ಲ, ಆದರೆ ಯುಇಎಫ್‌ಐ ಅದನ್ನು ಎತ್ತಿಕೊಳ್ಳುತ್ತದೆಯೇ, ಗ್ರಬ್ ಕಾಯದೆ ಮುಂದೆ ಹೋಗುತ್ತದೆಯೇ, ಎಸ್‌ಎಸ್‌ಎಚ್ ಸೇವೆ ಏಳುತ್ತದೆಯೇ ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ. ವರ್ಚುವಲ್ ಕಾರ್ಡಿಗೆ ನಿಜವಾದ ಕಾರ್ಡಿನ ಮ್ಯಾಕ್ ವಿಳಾಸವನ್ನೇ ಕೊಟ್ಟರೆ ಜಾಲದ ಸಂರಚನೆ ಹೊಂದುತ್ತದೆಯೇ ಎಂಬುದೂ ತಿಳಿಯುತ್ತದೆ. ಅದನ್ನು ಹೊರಗಿನ ಜಾಲಕ್ಕೆ ಮಾತ್ರ ಜೋಡಿಸಬೇಡಿ.

ನನಗಿರುವ ಒಂದೇ ಅನುಮಾನ ಆ ಹಾರ್ಡ್ ಡಿಸ್ಕಿನ ಬಗ್ಗೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ವಿದ್ಯುತ್ 500 ಮಿಲಿಆಂಪಿಯರ್, 3.0 ಪೋರ್ಟ್ 900. ತಿರುಗುವ ಡಿಸ್ಕ್ ವೇಗ ಹಿಡಿಯುವ ಗಳಿಗೆಯಲ್ಲಿ ಇದಕ್ಕಿಂತ ಹೆಚ್ಚು ಎಳೆಯಬಹುದು. ಪವರ್ ಸೈಕಲ್ ಆದಾಗ ಅದು ಸಿದ್ಧವಾಗುವ ಮುನ್ನವೇ ಫರ್ಮ್‌ವೇರ್ ಎಣಿಕೆ ಮುಗಿಸಿ ಮುಂದೆ ಹೋಗಿರಲೂಬಹುದು. ಇಂತಹ ಕೆಲಸಕ್ಕೆ ಪೆನ್‌ಡ್ರೈವೇ ವಾಸಿ. ಈಗ ಇರುವುದು ಇದೇ ಆದ್ದರಿಂದ, ಪವರ್ ಸೈಕಲ್ ಬದಲು ಲಿನಕ್ಸಿನಿಂದ ರೀಬೂಟ್ ಮಾಡಿ. ಪೋರ್ಟಿನ ವಿದ್ಯುತ್ ಕಡಿಯದೆ ಡಿಸ್ಕ್ ತಿರುಗುತ್ತಲೇ ಇರುವ ಸಾಧ್ಯತೆ ಹೆಚ್ಚು. ಬೂಟ್‌ನೆಕ್ಸ್ಟ್‌ಗೆ ಆ 60 ಸೆಕೆಂಡಿನ ಮಿತಿಯೂ ಇಲ್ಲ.

ಕರಿಕಲ್ಲು

ಬೂಟ್ ಆಯಿತು. ಕ್ಯೂಇಎಂಯು ಪರೀಕ್ಷೆಯಲ್ಲಿ ಡಿಸ್ಕಿನ ಬೂಟ್‌ಲೋಡರ್ ‘ಡೆಬಿಯನ್’ ಫೋಲ್ಡರಿನಲ್ಲಿ ಮಾತ್ರ ಇದ್ದದ್ದು ಬಯಲಾಯಿತು, ಅದನ್ನು ಸರಿಪಡಿಸಿದ ಬಳಿಕ ನಮೂದು ಸೃಷ್ಟಿಸಿ ರೀಬೂಟ್ ಮಾಡಿದೆ. ಸೀರಿಯಲ್ ಕಿಟಕಿಯಲ್ಲಿ ಗ್ರಬ್ ಕಾಣಿಸಿ, ಸ್ವಲ್ಪ ಹೊತ್ತಿನಲ್ಲಿ ಎಸ್‌ಎಸ್‌ಎಚ್ ಸಿಕ್ಕಿತು; 30 ನಿಮಿಷದ ರೀಬೂಟ್ ಟೈಮರ್ ರದ್ದುಪಡಿಸಿದ್ದೇನೆ. ರೇಡ್ ಜೋಡಣೆಯಾಗಿದೆ, ಎಲ್‌ವಿಎಂ ಗುಂಪನ್ನೂ ಸಕ್ರಿಯಗೊಳಿಸಿದ್ದೇನೆ. ಆದರೆ ಎಕ್ಸ್‌ಎಫ್‌ಎಸ್ ರಿಪೇರ್ ಓಡಿಸಿದರೆ, ಎಕ್ಸ್‌ಎಫ್‌ಎಸ್‌ನ ಲಾಗಿನಲ್ಲಿ (ಮಾಡಲಿರುವ ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ಇನ್ನೂ ಬರೆಯಬೇಕಾದ ಬದಲಾವಣೆಗಳಿವೆ ಎಂದು ಹೇಳಿ ನಿಂತುಬಿಟ್ಟಿದೆ. ದೊಡ್ಡ ಅಕ್ಷರದ ‘ಎಲ್’ ಆಯ್ಕೆಯನ್ನು ಕೊನೆಯ ಉಪಾಯವಾಗಿ ಸೂಚಿಸುತ್ತಿದೆ. ಕೊಡಬಹುದೇ?

ತಂತಿಜಾಲ

ಈಗಲೇ ಕೊಡಬೇಡಿ. ಆ ಆಯ್ಕೆ ಲಾಗನ್ನು ಸೊನ್ನೆ ಮಾಡುತ್ತದೆ, ಅದರಲ್ಲಿದ್ದ ಕೊನೆಯ ಬದಲಾವಣೆಗಳು ಹೋಗುತ್ತವೆ. ಆ ವಿಭಾಗವನ್ನು ಯುಎಸ್‌ಬಿ ವ್ಯವಸ್ಥೆಯಲ್ಲಿ ಒಮ್ಮೆ ಮೌಂಟ್ ಮಾಡಿ ಅನ್‌ಮೌಂಟ್ ಮಾಡಿ. ಮೌಂಟ್ ಆಗುವಾಗ ಲಾಗ್ ತಾನಾಗಿ ಮರುಚಲಿಸಿ ಬರಿದಾಗುತ್ತದೆ. ಆಮೇಲೆ ಏನನ್ನೂ ಬರೆಯದೆ ವರದಿ ಮಾತ್ರ ಕೊಡುವ ಸಣ್ಣ ಅಕ್ಷರದ ‘ಎನ್’ ಆಯ್ಕೆಯೊಂದಿಗೆ ರಿಪೇರ್ ಓಡಿಸಿ, ಫಲಿತಾಂಶ ಓದಿದ ಬಳಿಕ ನಿಜವಾದ ದುರಸ್ತಿಗೆ ಹೋಗಿ. ಮೌಂಟ್ ಆಗಲು ಒಪ್ಪದಿದ್ದರೆ ಮಾತ್ರ ‘ಎಲ್’. ಅದಕ್ಕೂ ಮೊದಲು, ಜಾಗವಿದ್ದರೆ, ಇಡೀ ಎಲ್‌ವಿಎಂ ವಿಭಾಗದ ನಕಲನ್ನು ಆ ಹೊರ ಡಿಸ್ಕಿಗೇ ತೆಗೆದಿಡಿ. ಅಷ್ಟು ದೊಡ್ಡ ಡಿಸ್ಕ್ ಕಳುಹಿಸಿದ್ದಕ್ಕೆ ಅದಾದರೂ ಉಪಯೋಗವಾಗಲಿ.

ಚೆಕ್‌ಸಮ್ ದೋಷಗಳು ಶೂನ್ಯದಿಂದ ಬರುವುದಿಲ್ಲವಾದ್ದರಿಂದ, ಅಲ್ಲಿರುವಾಗಲೇ ಎರಡೂ ಡಿಸ್ಕುಗಳ ಸ್ಮಾರ್ಟ್ (ಡಿಸ್ಕಿನ ಆರೋಗ್ಯದ) ವರದಿಯನ್ನೂ ಬಿಎಂಸಿಯ ಘಟನಾ ದಾಖಲೆಯಲ್ಲಿ ಮೆಮೊರಿ ದೋಷಗಳಿವೆಯೇ ಎಂಬುದನ್ನೂ ನೋಡಿ. ದುರಸ್ತಿ ಮುಗಿದ ಮೇಲೆ ಯುಎಸ್‌ಬಿ ಡಿಸ್ಕನ್ನು ಅಲ್ಲೇ ಬಿಡುವುದಾದರೆ, ರೀಬೂಟ್ ಮಾಡುವ ಮುನ್ನ ಇಎಫ್‌ಐಬೂಟ್‌ಎಂಜಿಆರ್ ಮತ್ತೊಮ್ಮೆ ಓಡಿಸಿ ಬೂಟ್ ಕ್ರಮದ ಮೊದಲ ಸ್ಥಾನದಲ್ಲಿ ಮೂಲ ಡಿಸ್ಕೇ ಇದೆಯೆಂದು ಖಚಿತಪಡಿಸಿಕೊಳ್ಳಿ. ಈ ರೀಬೂಟಿನಲ್ಲಿ ಫರ್ಮ್‌ವೇರ್ ಯುಎಸ್‌ಬಿಯನ್ನು ಹೊಸ ಸಾಧನವೆಂದು ಕಂಡು ತಾನೇ ಒಂದು ನಮೂದನ್ನು ಸೇರಿಸಿರಬಹುದು.